ಮೊದಲ ಪೆಟ್ಟು ಬಿಟ್ಟವರು

ಹಿರಿಯೂರಿನಿಂದ ನಮ್ಮ ಹಳೆಯ ಆರ್ಕೆಸ್ಟ್ರಾದ ಗಿಟಾರಿನವನು ಬಷೀರ್ ಫೋನ್ ಮಾಡಿ, "ಅಕ್ಕಾ, ಡ್ರಮ್ಮಣ್ಣ ಹೋಗ್ಬಿಟ್ರು" ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಊಟ ಆಗಿತ್ತಾ?" ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಬಷೀರ್ ಮಾತ್ರ, "ಆಗಿತ್ತಂತೆ ಅಕ್ಕಾ. ಮುದ್ದೆ, ಅವರೆಕಾಳು ಸಾರು. ಸಾರು ಇನ್ನೊಂದ್ಸಲ ಹಾಕಿಸ್ಕಂಡ್ರಂತೆ. ಕೈ ತೊಳ್ಕಂಡು ಜಗಲಿ ಮ್ಯಾಲೆ ಒರಗಿದೋರು ಹಂಗೇ..." ಎಂದು ಸಹಜವಾಗಿ ಉತ್ತರ ಕೊಟ್ಟ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಇಬ್ಬರಿಗೂ ನಗು ಬಂತು. ಹಸಿದ ಹೊಟ್ಟೆಯಲ್ಲಿ ಎಲ್ಲಿಗೂ ಹೊರಡಬಾರದು ಎನ್ನುವುದೊಂದೇ ಆ ಮನುಷ್ಯ ಬದುಕಿನುದ್ದಕ್ಕೂ ಬಿಡದೆ ಪಾಲಿಸಿದ ಶಿಸ್ತು. ಕೊನೆಗೂ ಅದನ್ನು ಮುರಿಯಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ನಮ್ಮ ಆರ್ಕೆಸ್ಟ್ರಾದ ಪೋಸ್ಟರಿನಲ್ಲಿ ಎಲ್ಲರ ಹೆಸರೂ ಇರುತ್ತಿತ್ತು, ಅವರದೊಂದು ಬಿಟ್ಟು. ಹಾಕಿಸೋಣ ಎಂದರೆ, "ಹೆಸ್ರು ಹಾಕಿದ್ರೆ ಡ್ರಮ್ಮು ಜೋರಾಗಿ ಕೇಳ್ತೈತೇನ್ರಿ? ಆ ಜಾಗದಾಗೆ ಫೋನಮ್ಮನ ಹೆಸ್ರು ಇನ್ನೊಂದೀಟು ದಪ್ಪಕ್ಕೆ ಹಾಕ್ಸ್ರಿ" ಎನ್ನುತ್ತಿದ್ದರು. ಫೋನಮ್ಮ ಎಂದರೆ ನಾನು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಂತಿ ಚುಚ್ಚುವ ಕೆಲಸ ನನ್ನದು. ಒಂದು ದಿನ ದಾವಣಗೆರೆಗೆ ಟ್ರಂಕ್ ಕಾಲ್ ಹಾಕಿಸಿದ್ದವರೊಬ್ಬರಿಗೆ, "ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ?" ಎಂದೆ. ಆ ಕಡೆಯವರನ್ನು ಅಲ್ಲೇ ಬಿಟ್ಟು ಅವರು ನನ್ನನ್ನೇ ಕೇಳಿದರು: "ಅಮ್ಮಾ, ನೀವು ಹಾಡ್ತೀರೇನ್ರಿ?" ಅವರೇ ರುದ್ರಣ್ಣ. ಆರ್ಕೆಸ್ಟ್ರಾದ ಯಜಮಾನರು, ಅಕಾರ್ಡಿಯನ್ ನುಡಿಸುತ್ತಿದ್ದವರು. ಹಾಡುವವಳು ಮದುವೆಯಾಗಿ ಹೋಗಿದ್ದಳಂತೆ, ಬೇರೊಬ್ಬಳನ್ನು ಹುಡುಕುತ್ತಿದ್ದರು.

ಅಪ್ಪ ಒಂದು ಷರತ್ತು ಹಾಕಿದರು: ಮಗಳು ಹಾಡಲಿ, ಆದರೆ ಹೋದಲ್ಲೆಲ್ಲ ಅವಳವ್ವನೂ ಹೋಗಬೇಕು. ಹಾಗಾಗಿ ನಮ್ಮ ಆರ್ಕೆಸ್ಟ್ರಾದಲ್ಲಿ ಒಂದು ಅಕಾರ್ಡಿಯನ್, ಒಂದು ಗಿಟಾರು, ಒಂದು ಡ್ರಮ್ ಸೆಟ್ಟು, ನಾನು, ಮತ್ತು ಎಲೆಅಡಿಕೆ ಚೀಲ ಹಿಡಿದ ನಮ್ಮವ್ವ. ವ್ಯಾನಿನ ಮುಂದಿನ ಸೀಟು ಅವ್ವನದು. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕೂರುತ್ತಿದ್ದವರು ಡ್ರಮ್ಮಣ್ಣ. ಡ್ರಮ್ಮೂ ಅವರೇ ಬಾರಿಸಬೇಕು, ವ್ಯಾನೂ ಅವರೇ ಓಡಿಸಬೇಕು. ರುದ್ರಣ್ಣ ಒಬ್ಬ ಮನುಷ್ಯನಿಂದ ಇಬ್ಬರ ಕೆಲಸ ತೆಗೆಯುವುದರಲ್ಲಿ ನಿಸ್ಸೀಮರು.

ಆ ವ್ಯಾನು ಹಿಂದಿನ ಜನ್ಮದಲ್ಲಿ ಒಂದು ಬೇಕರಿಯದು. ಮೇಲೆ ನೀಲಿ ಬಣ್ಣ ಬಳಿಸಿದ್ದರೂ ಒಳಗಿನ ಬನ್ನಿನ ವಾಸನೆ ಹೋಗಿರಲಿಲ್ಲ. ಹೊಸದುರ್ಗದ ದಾರಿಯ ಹಳ್ಳಿಗಳಲ್ಲಿ ಮಕ್ಕಳು ಅದರ ಹಾರನ್ ಗುರುತು ಹಿಡಿದು ಬನ್ನು ಬಂತೆಂದು ಓಡಿಬರುತ್ತಿದ್ದರು. ಡ್ರಮ್ಮಣ್ಣನಿಗೆ ಅವರನ್ನು ನಿರಾಸೆಗೊಳಿಸಲು ಮನಸ್ಸಾಗದು. ಹೊರಡುವಾಗಲೇ ಒಂದು ಚೀಲ ಬನ್ನು ಹಾಕಿಕೊಂಡಿರುತ್ತಿದ್ದರು. "ಮಕ್ಳು ವಾಸ್ನೆ ಹಿಡ್ಕಂಡು ಬಂದವೆ, ಬರಿಗೈಯಾಗೆ ಕಳಿಸಾಕಾಗ್ತೈತಾ?" ಎಂದು ಹಂಚಿ, ಕೊನೆಯದನ್ನು ತಾವು ತಿಂದು, ವ್ಯಾನು ಎತ್ತುತ್ತಿದ್ದರು.

ಆಳು ಕುಳ್ಳು, ತೋಳು ದಪ್ಪ, ತಲೆಗೆ ಧಾರಾಳವಾಗಿ ಎಣ್ಣೆ. ಎಡಗಾಲು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಕುಳಿತಲ್ಲಿ, ನಿಂತಲ್ಲಿ, ಕ್ಷೌರ ಮಾಡಿಸಿಕೊಳ್ಳುವಾಗಲೂ ಅದು ನೆಲವನ್ನು ತಟ್ಟುತ್ತಲೇ ಇರುತ್ತಿತ್ತು. ಯಾವ ಊರಿಗೆ ಹೋದರೂ ವ್ಯಾನಿನಿಂದ ಇಳಿದವರು ಮೊದಲು ಅಡುಗೆಯವರನ್ನು ಹುಡುಕುತ್ತಿದ್ದರು. ಊಟ ಹಾಡಿನ ಮುಂಚೆಯೋ, ಆಮೇಲೆಯೋ? ಆಮೇಲೆ ಎಂದರೆ ಅವರ ಮುಖ ಬಾಡುತ್ತಿತ್ತು. "ಹಸ್ಕಂಡು ಬಾರ್ಸಿದ್ರೆ ತಾಳ ಊಟದ ಕಡೆ ಓಡ್ತೈತ್ರಿ. ನಾನೇನು ಮಾಡ್ಲಿ?" ಎನ್ನುತ್ತಿದ್ದರು. ಸುಳ್ಳಲ್ಲ. ಊಟ ಕೊಡದ ಒಂದು ಮದುವೆಯಲ್ಲಿ ಎರಡು ಗಂಟೆಯ ಕಾರ್ಯಕ್ರಮ ಎಷ್ಟು ಬೇಗ ಮುಗಿಯಿತೆಂದರೆ, ನಾನು ಉಸಿರು ತೆಗೆದುಕೊಳ್ಳದೆ ಹಾಡಿ ವೇದಿಕೆಯ ಮೇಲೆ ತಲೆ ಹಿಡಿದುಕೊಂಡು ಕುಳಿತೆ.

ಅವರು ಡ್ರಮ್ ಕಲಿತದ್ದು ಸರ್ಕಸ್ಸಿನಲ್ಲಿ. ಊರಿಗೆ ಬಂದ ಸರ್ಕಸ್ ಕಂಪನಿ ಹೊರಟಾಗ ಅದರ ಹಿಂದೆಯೇ ಹೊರಟುಹೋದವರಂತೆ. ಅಲ್ಲಿ ಮೇಲೆ ಜೋಕಾಲಿಯಿಂದ ಜೋಕಾಲಿಗೆ ಹಾರುವವರಿಗೆ ಕೆಳಗಿನಿಂದ ಡ್ರಮ್ಮೇ ಗುರುತು. ಒಂದು, ಎರಡು, ಮೂರು, ನಾಲ್ಕು ಎಂಬ ಎಣಿಕೆಯಲ್ಲಿ ಮೊದಲನೆಯದು, ಒಂದರ ಪೆಟ್ಟು ಬಿತ್ತೆಂದರೆ ಕೈ ಬಿಡಬೇಕು. "ಆ ಪೆಟ್ಟು ಒಂಚೂರು ಆಚೀಚೆ ಆದ್ರೆ ಹಾರೋ ಹುಡ್ಗಿ ಕೆಳಗೆ ಬೀಳ್ತಿದ್ಲು ಫೋನಮ್ಮ. ನಾನು ಕಣ್ಣು ಮಿಟುಕಿಸ್ತಿರ್ಲಿಲ್ಲ," ಎಂದು ಅವರು ಹೇಳುವಾಗ ನಗು ಮಾಯವಾಗುತ್ತಿತ್ತು. ಹರೆಯದ ಎಷ್ಟೋ ಕಾಲ ಇನ್ನೊಬ್ಬರ ಪ್ರಾಣವನ್ನು ಒಂದರ ಪೆಟ್ಟಿನಲ್ಲಿ ಹಿಡಿದುಕೊಂಡು ಕುಳಿತಿದ್ದ ಮನುಷ್ಯ. ಇದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಅವರ ಹತ್ತಿರ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ಶಾರ್ಟ್ ವೇವ್‌ನಲ್ಲಿ ಮುಳ್ಳು ತಿರುಗಿಸುತ್ತಾ ಯಾವ್ಯಾವುದೋ ದೇಶದ ಹಾಡು ಹಿಡಿಯುವುದು ಅವರ ಚಟ. ಒಂದು ಸಂಜೆ ರಿಹರ್ಸಲ್ಲಿಗೆ ತಡವಾಗಿ ಬಂದರು, ಮುಖ ಸಪ್ಪೆ. "ರೇಡಿಯೋ ಕೆಟ್ಟೋತು. ಹಾಡಿನಾಗೆ ಒಂದರ ಪೆಟ್ಟು ನುಂಗ್ತಾ ಐತೆ" ಎಂದರು. ಹಾಡೆಲ್ಲ ಸರಿಯಾಗಿ ಕೇಳುತ್ತದೆ, ಮೊದಲ ಪೆಟ್ಟು ಮಾತ್ರ ಕೇಳುವುದಿಲ್ಲ ಎಂಬುದು ಅವರ ದೂರು. ರಿಪೇರಿ ಅಂಗಡಿಯವನು ಬಿಚ್ಚಿ, ಒರೆಸಿ, ಏನೂ ಆಗಿಲ್ಲ ಎಂದು ಕೊಟ್ಟ. ಮುಂದಿನ ವಾರ ಮತ್ತೆ ಅದೇ ದೂರು. ಅಂಗಡಿಯವನು ಈ ಸಲ ಸ್ಪೀಕರನ್ನೇ ಬದಲಾಯಿಸಿದ. ಆಗಲೂ ಪೆಟ್ಟು ಬರಲಿಲ್ಲ. ಮೂರನೆಯ ಸಲ ಹೋದಾಗ ಅವನಿಗೆ ರೇಗಿತು. "ಅಣ್ಣಾ, ವಾರ್ತೆ ಹಾಕ್ತೀನಿ ಕೇಳು. ಎಲ್ಲಾದ್ರೂ ಒಂದಕ್ಷರ ನುಂಗಿದ್ರೆ ನಾನು ಅಂಗ್ಡಿ ಮುಚ್ತೀನಿ" ಎಂದು ಪ್ರದೇಶ ಸಮಾಚಾರ ಪೂರ್ತಿ ಕೇಳಿಸಿದನಂತೆ. ಒಂದಕ್ಷರವೂ ತಪ್ಪಿರಲಿಲ್ಲ.

ಆಗ ಅವರಿಗೆ ಹೊಳೆಯಿತು: ನುಂಗುತ್ತಿದ್ದದ್ದು ರೇಡಿಯೋ ಅಲ್ಲ, ಆ ಹಾಡು ಇರುವುದೇ ಹಾಗೆ! ಎಲ್ಲೋ ಸಮುದ್ರದಾಚೆಯ ದ್ವೀಪದ ಸಂಗೀತ. ರೆಗ್ಗೆ ಅಂತ ಅದರ ಹೆಸರು ಎಂದು ರೇಡಿಯೋದವರು ಹೇಳಿದ್ದನ್ನು ಅವರು ಗಟ್ಟಿ ಮಾಡಿಕೊಂಡು ಬಂದಿದ್ದರು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ಒಂದರ ಮೇಲೆ ಏನೂ ಇಲ್ಲ, ಖಾಲಿ. ಎರಡಕ್ಕೂ ನಾಲ್ಕಕ್ಕೂ ಗಿಟಾರು 'ಚಕ್' ಎನ್ನುತ್ತದೆ. ದೊಡ್ಡ ಡ್ರಮ್ಮಿನ 'ಧಪ್' ಬೀಳುವುದು ಮೂರರ ಮೇಲೆ. ನಮ್ಮೆದುರು ಬಾರಿಸಿ ತೋರಿಸುವಾಗ ಅವರ ಮುಖ ನೋಡಬೇಕಿತ್ತು. "ಒಂದರ ಮ್ಯಾಲೆ ಹೊಡೀದೇ ಇದ್ರೂ ಯಾರೂ ಸಾಯಾದಿಲ್ಲ, ಫೋನಮ್ಮ! ಹಾಡು ನಡೀತೈತೆ!" ಎಂದರು. ಆ ಸಂತೋಷ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ನಮ್ಮ ಪ್ರಯಾಣಗಳ ದಿಕ್ಕೇ ಕೆಟ್ಟಿತು. ರೇಡಿಯೋದಲ್ಲಿ ರೆಗ್ಗೆ ಹಾಡು ಬರುವ ಸಂಜೆ ನಾವು ಎಲ್ಲಿದ್ದರೂ ಸ್ಟೇಷನ್ ಸಿಗಲೆಂದು ವ್ಯಾನು ಯಾವುದಾದರೂ ದಿಬ್ಬ ಹತ್ತಲೇಬೇಕು. ಭೀಮಸಮುದ್ರದ ದಾರಿಯಲ್ಲಿ ಅಂಥದ್ದೊಂದು ಏರು ಸಿಕ್ಕಿತ್ತು. ಅಲ್ಲಿ ವ್ಯಾನು ನಿಲ್ಲಿಸಿ, ಜಾಲಿ ಮರಕ್ಕೆ ತಂತಿ ಎಸೆದು, ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದರು. ರುದ್ರಣ್ಣ ಗಡಿಯಾರ ನೋಡಿ ನಿಟ್ಟುಸಿರು ಬಿಡುವುದು, ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ, "ಏನಪ್ಪ, ನಿಮ್ಮ ಬೀಗರ ಮನೆ ಸಮಾಚಾರ ಬಂತಾ?" ಎಂದು ಕೆಣಕುವುದು, ಇದು ಮಾಮೂಲಾಯಿತು. ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಒಂದು ಸಲ ನಿಂತು ಪೂರ್ತಿ ಕೇಳಿ, "ಹಾಡು ಚೆನ್ನಾಗೈತೆ. ಆದ್ರೆ ಇವ್ರು ಯಾವ ಜಾತ್ರಿಗೂ ಬರಂಗಿಲ್ಲ, ದೂರದೋರು" ಎಂದು ಹೇಳಿ ಹೋದರು. ಡ್ರಮ್ಮಣ್ಣ ಅದನ್ನು ಬಹಳ ದಿನ ದೊಡ್ಡ ಪ್ರಶಸ್ತಿಯಂತೆ ಹೇಳಿಕೊಂಡು ತಿರುಗಿದರು.

ಗಿಟಾರ್ ಬಾರಿಸುವ ಬಷೀರನಿಗೆ ಆ 'ಚಕ್' ಹತ್ತುತ್ತಿರಲಿಲ್ಲ. ಹಗಲೆಲ್ಲ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿ ಬಂದವನು, ಅವಸರದವನು. ಒಂದಕ್ಕೇ ಹೋಗಿ ಬೀಳುತ್ತಿದ್ದ. ಅವನಿಗೆ ಪಾಠ ಹೇಳಿದ್ದು ನಮ್ಮ ವ್ಯಾನಿನ ಹಿಂಬಾಗಿಲು. ಅದರ ಚಿಲಕ ಸಡಿಲ. ಮುಂದಿನ ಗಾಲಿ ಗುಂಡಿಗೆ ಇಳಿದು ಎದ್ದ ಮೇಲೆ ಒಂದು ಗಳಿಗೆ ಬಿಟ್ಟು ಬಾಗಿಲು 'ಚಕ್' ಎನ್ನುತ್ತಿತ್ತು. "ಗುಂಡಿ ನಂದು, ಬಾಗ್ಲು ನಿಂದು. ನನ್ ಗುಂಡಿಗೆ ನೀ ಬೀಳ್ಬ್ಯಾಡ ಕಣ್ಲೇ" ಎಂದು ಅವರು ಹೊಳಲ್ಕೆರೆ ರಸ್ತೆಯಲ್ಲಿ ಬೇಕೆಂದೇ ಹಳ್ಳ ಹುಡುಕಿ ಹುಡುಕಿ ವ್ಯಾನು ಇಳಿಸುತ್ತಿದ್ದರು. ಬಷೀರ್ ಗಿಟಾರು ತಬ್ಬಿಕೊಂಡು ಕಲಿತ. ಅವ್ವನ ಸೊಂಟ ಹಿಡಿದುಕೊಂಡಿತು. ಆ ಬಾಗಿಲ ಚಿಲಕ ರಿಪೇರಿಯಾಗದಂತೆ ಡ್ರಮ್ಮಣ್ಣ ಕೊನೆಯವರೆಗೂ ನೋಡಿಕೊಂಡರು.

ರೇಡಿಯೋದ ಹಾಡುಗಳನ್ನೆಲ್ಲ ಕೇಳಿ ಕೇಳಿ ಅವರೇ ತಮ್ಮದೊಂದು ರಾಗ ಕಟ್ಟಿದ್ದರು. ಪದವಿರಲಿಲ್ಲ, ನಾನು ಲಲ್ಲಲ್ಲಾ ಎನ್ನುತ್ತಿದ್ದೆ. ಅವ್ವನಿಗೆ ಅದನ್ನು ಸಹಿಸಲಾಗಲಿಲ್ಲ. "ಅಷ್ಟು ದೊಡ್ಡ ಹುಡ್ಗಿ, ಕೂಸಿಗೆ ಆಡ್ಸಿದಂಗೆ ಲಲ್ಲಲ್ಲಾ ಅಂತೀಯಲ್ಲೇ. ಎರಡು ಪದ ಹಾಕ್ಕಳ್ರಿ" ಎಂದು ಬೈದು, ಕಿಟಕಿಯಾಚೆ ಎಲೆ ಉಗುಳಿ, ತಾನೇ ಶುರು ಮಾಡಿದಳು:

"ಬಾರೆ ತಂಗಿ ಹೋಗಾಣ, ದಾರಿ ದೂರೇನಿಲ್ಲ
ಬಿಸಿಲು ಬಂದರೆ ಬರಲಿ ಬಿಡು, ಅದಕೂ ಊರೇನಿಲ್ಲ."

ಡ್ರಮ್ಮಣ್ಣ ವ್ಯಾನು ನಿಲ್ಲಿಸಿಯೇಬಿಟ್ಟರು. ಅವ್ವನ ಕಡೆ ತಿರುಗಿ ಕೈ ಮುಗಿದರು. "ಯವ್ವಾ, ಇನ್ನೊಂದ್ಸಲ ಹೇಳ್ರಿ." ಅವ್ವ ನಾಚಿಕೊಂಡು, "ಗಾಡಿ ಬಿಡಪ್ಪ, ಬಿಸ್ಲಾಗೆ ಕುಂದ್ರಿಸ್ಬ್ಯಾಡ" ಎಂದಳು. ಆದರೆ ಹಿರಿಯೂರು ಮುಟ್ಟುವುದರೊಳಗೆ ಇನ್ನೂ ನಾಲ್ಕು ಸಾಲು ಕಟ್ಟಿದ್ದಳು.

ಅಲ್ಲಿಂದ ಅವರಿಗೆ ಒಂದೇ ಆಸೆ. ಈ ಹಾಡನ್ನು ಜನರ ಮುಂದೆ ಒಂದು ಸಲ, ಒಂದೇ ಒಂದು ಸಲ, ಶುರುವಿನಿಂದ ಕೊನೆಯವರೆಗೆ ಬಾರಿಸಬೇಕು. ರುದ್ರಣ್ಣ ಅದಕ್ಕೆ 'ಕುಂಟು ಹಾಡು' ಎಂದು ಹೆಸರಿಟ್ಟಿದ್ದರು. ಆದರೂ ಡ್ರಮ್ಮಣ್ಣನ ಕಾಟ ತಾಳಲಾರದೆ ಹೊಳಲ್ಕೆರೆಯ ಒಂದು ಆರತಕ್ಷತೆಯಲ್ಲಿ ಒಪ್ಪಿದರು.

ನಾನು ಎರಡನೆಯ ಸಾಲು ಹಾಡಿ ಮುಗಿಸಿರಲಿಲ್ಲ. ಮದುಮಗಳ ಸೋದರಮಾವ ಊಟದ ಪಂಕ್ತಿಯಿಂದ ಎದ್ದು, ಎಂಜಲು ಕೈಯಲ್ಲೇ ವೇದಿಕೆಯ ಹತ್ತಿರ ಬಂದರು. "ನಿಲ್ಸ್ರಿ, ನಿಲ್ಸ್ರಿ! ಮೊದ್ಲ ಪೆಟ್ಟು ಎಲ್ರಿ? ನಮ್ಮೂರ ಭಜನೆಯಾಗೆ ತಾಳ ಹಿಡಿಯೋನು ನಾನು, ನಂಗೆ ಗೊತ್ತಾಗಾದಿಲ್ವಾ? ಮಂಗಳ ಕಾರ್ಯದಾಗೆ ಮೊದ್ಲಿಂದೇ ಬಿಟ್ಟು ಬಾರ್ಸ್ತೀರಲ್ಲ, ಎಲೆ ಮ್ಯಾಲೆ ಉಪ್ಪು ಇಡ್ದೇ ಅನ್ನ ಬಡಿಸ್ತಾರೇನ್ರಿ?"

ಡ್ರಮ್ಮಣ್ಣ ಎದ್ದು ನಿಂತು ವಿನಯದಿಂದಲೇ ಹೇಳಿದರು: "ಬಿಟ್ಟಿದ್ದಲ್ಲ ಸ್ವಾಮಿ. ಅಲ್ಲಿ ಜಾಗ ಐತೆ."

"ಜಾಗ ಐತಾ? ಯಾರಿಗೆ?"

ಡ್ರಮ್ಮಣ್ಣ ಕೋಲಿನಿಂದ ತಲೆ ಕೆರೆದುಕೊಂಡರು. ರುದ್ರಣ್ಣ ಅವಸರದಲ್ಲಿ ಒಂದು ಸಿನಿಮಾ ಹಾಡು ಎತ್ತಿಕೊಂಡರು. ಡ್ರಮ್ಮಣ್ಣ ಒಂದರ ಮೇಲೆ ಎಷ್ಟು ಜೋರಾಗಿ ಹೊಡೆದರೆಂದರೆ ಸೋದರಮಾವನ ಮುಖ ಅರಳಿತು.

ಎರಡನೆಯ ಪ್ರಯತ್ನ ಹೊಸದುರ್ಗದಲ್ಲಿ, ಯುವಕರ ಸಂಘವೊಂದರ ವಾರ್ಷಿಕೋತ್ಸವಕ್ಕೆ. ಅಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಜನಕ್ಕೆ ಹಾಡು ಹಿಡಿಸಿತು. ಅದೇ ಅನಾಹುತವಾಯಿತು. ಮುಂದಿನ ಸಾಲಿನ ಹುಡುಗರು ಕೈ ತಟ್ಟತೊಡಗಿದರು, ಹಿಂದಿನವರು ಸೇರಿದರು, ಇಡೀ ಮೈದಾನವೇ ಚಪ್ಪಾಳೆ. ಎಲ್ಲರೂ ತಟ್ಟಿದ್ದು ಒಂದರ ಮೇಲೆ! ಅವರು ಅಷ್ಟು ಪ್ರೀತಿಯಿಂದ ಖಾಲಿ ಬಿಟ್ಟ ಜಾಗದ ಮೇಲೆ ಸರಿಯಾಗಿ ಬೀಳುತ್ತಿತ್ತು ಚಪ್ಪಾಳೆ. ಡ್ರಮ್ಮಣ್ಣ ಮೊದಲು ಕಣ್ಣು ಮುಚ್ಚಿಕೊಂಡರು, ಆಮೇಲೆ ಹಲ್ಲು ಕಚ್ಚಿದರು, ಹಾಡಿನ ನಡುಮಧ್ಯೆ ಕೋಲು ಕೆಳಗಿಟ್ಟುಬಿಟ್ಟರು. ಡ್ರಮ್ಮಿಲ್ಲದೆ ನಾನು ಬಾಯಿ ತೆರೆದು ನಿಂತೆ. ಜನ ಇನ್ನೂ ಹುರುಪಿನಿಂದ ತಟ್ಟುತ್ತಲೇ ಇದ್ದರು.

ವ್ಯಾನು ಹೊಸದುರ್ಗ ದಾಟಿತು. ಅವ್ವನೇ ಬಾಯಿ ಬಿಟ್ಟಳು: "ಬೈದ್ರೆ ಸಿಟ್ಟಾಗೋರನ್ನ ಕಂಡಿದೀನಿ. ಚಪ್ಪಾಳೆ ತಟ್ಟಿದ್ರೆ ಸಿಟ್ಟಾಗೋನ್ನ ಇವತ್ತೇ ನೋಡಿದ್ದು."

"ಆ ಜಾಗ ಖಾಲಿ ಇರ್ಬೇಕವ್ವ. ಅದ್ರಾಗೇ ಬಂದು ಕುಂತ್ರೆ?" ಎಂದರು ಡ್ರಮ್ಮಣ್ಣ.

ರುದ್ರಣ್ಣ ಕೂಗಾಡುವವರಲ್ಲ. ಅಂದು ಮಾತ್ರ ಗಂಭೀರವಾಗಿ ಹೇಳಿದರು. "ನೋಡಪ್ಪ, ಆರ್ಕೆಸ್ಟ್ರಾಕ್ಕೆ ಕೆಟ್ಟ ಹೆಸ್ರು ಬಂದ್ರೆ ನಮ್ಮನ್ನ ಯಾರೂ ಕರಿಯಾದಿಲ್ಲ. ದಾವಣಗೆರಿಯಾಗೆ ಒಬ್ಬ ಡ್ರಮ್ ಬಾರ್ಸೋನು ಯಾವಾಗ ಕರೀತೀರ ಅಂತ ಕಾಯ್ತಾ ಕುಂತವ್ನೆ. ಇನ್ನೊಂದ್ಸಲ ಆ ಕುಂಟು ಹಾಡು ಬಾರ್ಸಿದ್ರೆ, ಕೋಲೂ ವ್ಯಾನಿನ ಕೀಲಿಕೈಯೂ ನನ್ ಕೈಗೆ ಕೊಟ್ಟು ಇಳಿದೋಗ್ಬೇಕು. ಮಾತು ಕೊಡು."

ಡ್ರಮ್ಮಣ್ಣ ಮಾತು ಕೊಟ್ಟರು. ಹೆಂಡತಿ, ಮಕ್ಕಳು ಎಂದು ಯಾರೂ ಇಲ್ಲದ ಅವರಿಗೆ ಆ ಡ್ರಮ್ಮು, ಆ ವ್ಯಾನು, ಅದರೊಳಗೆ ಜಗಳವಾಡುತ್ತಾ ಕೂರುವ ನಾವು, ಇಷ್ಟೇ ಸಂಸಾರ. ಅದನ್ನು ಕಳೆದುಕೊಳ್ಳುವುದಾದರೂ ಹೇಗೆ? ಆಮೇಲೆ ಅವರು ವೇದಿಕೆಯ ಮೇಲೆ ಸರಿಯಾದ ಡ್ರಮ್ಮರ್ ಆದರು. ಎಲ್ಲ ಪೆಟ್ಟೂ ಜಾಗಕ್ಕೆ ಬೀಳುತ್ತಿತ್ತು. ರೇಡಿಯೋ ಸಂಜೆಗಳಲ್ಲಿ ದಿಬ್ಬದ ಹತ್ತಿರ ವ್ಯಾನು ನಿಲ್ಲುತ್ತಿರಲಿಲ್ಲ. ಹಾರನ್ ಮಾತ್ರ ಒಂದು ಸಲ ಹೊಡೆದು ಮುಂದೆ ಹೋಗುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ನಗಿಸುವವರು ನಗದಿದ್ದರೆ ಪ್ರಯಾಣ ಉದ್ದವಾಗುತ್ತದೆ.

ಅವರ ಮುಂದಿನ ಬದುಕನ್ನೂ ಇಲ್ಲೇ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನನ್ನ ಮದುವೆಯಾಯಿತು, ವರ್ಗವಾಯಿತು, ಆರ್ಕೆಸ್ಟ್ರಾ ಚದುರಿತು. ಅವರು ಹಿರಿಯೂರಿನಲ್ಲಿ ಬಷೀರನ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಶಾಲಾ ಮಕ್ಕಳ ವ್ಯಾನು ಓಡಿಸಿದರು. ಆ ಮಕ್ಕಳೆಲ್ಲ ಸೀಟು ಬಡಿದು ತಾಳ ಹಾಕುವುದರಲ್ಲಿ ಪ್ರಚಂಡರು ಎಂದು ಟೀಚರುಗಳು ದೂರುತ್ತಿದ್ದರಂತೆ. ಒಮ್ಮೆ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಏನೋ ಕೇಳಿದಾಗ, "ನಿಮ್ಮಜ್ಜಿ ದೊಡ್ಡ ಕವಿ ಕಣವ್ವ. ನಿಮ್ಮಮ್ಮ ಬರೀ ಹಾಡೋಳು" ಎಂದು ನನ್ನ ಮುಖ ನೋಡದೆ ಹೇಳಿದರು. ಅವ್ವ ಬದುಕಿರುವವರೆಗೆ ಪ್ರತಿ ಯುಗಾದಿಗೂ ಅವರಿಂದ ಒಂದು ಕಟ್ಟು ಎಲೆ ಬರುತ್ತಿತ್ತು.

ಆದರೆ ನಾನು ಹೇಳಬೇಕಾದ್ದು ಅವರು ರುದ್ರಣ್ಣನಿಗೆ ಆ ಮಾತು ಕೊಟ್ಟ ಮೇಲೆ ನಡೆದ, ಹಿರಿಯೂರಿನಾಚೆಯ ಒಂದು ಹಳ್ಳಿಯ ಮದುವೆ. ಕುರಿ ಸಾಕುವವರ ದೊಡ್ಡ ಮನೆತನ. ಹಗಲು ಮದುವೆ, ಅಂಗಳದ ತುಂಬ ಹಂದರ, ಸಗಣಿ ಸಾರಿಸಿದ ನೆಲ. ನಮಗೆ ಊಟ ಮೊದಲೇ ಹಾಕಿದ್ದರಿಂದ ಡ್ರಮ್ಮಣ್ಣ ಪ್ರಸನ್ನರಾಗಿದ್ದರು. ಗಂಡಿನ ಕಡೆಯವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸೈಕಲ್ಲಿನವನೊಬ್ಬ ಸುದ್ದಿ ತಂದ. ಹೊತ್ತು ಹೋಗಬೇಕಲ್ಲ, ನಮ್ಮ ಕೈಲಿದ್ದ ಸಿನಿಮಾ ಹಾಡೆಲ್ಲ ಹಾಡಿದೆವು, ಕೆಲವನ್ನು ಎರಡು ಸಲ. ಹೆಣ್ಣಿನ ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದವರು ಕೊನೆಗೆ ಗೊಣಗಿದರು: "ಬ್ಯಾರೆ ಏನಾರ ಬಾರಿಸ್ರಪ್ಪ. ಇವನ್ನ ಕೇಳೀ ಕೇಳೀ ನಿದ್ದಿ ಬಂತು."

ನಮ್ಮವ್ವ ಪಕ್ಕದಲ್ಲೇ ಇದ್ದಳು. ಇಬ್ಬರೂ ಅಷ್ಟರಲ್ಲಿ ಎಲೆಅಡಿಕೆ ಹಂಚಿಕೊಂಡು ಗೆಳತಿಯರಾಗಿದ್ದರು. "ಒಂದು ಕುಂಟು ಹಾಡು ಐತ್ರಿ. ಪದ ನಂದೇ" ಎಂದಳು.

"ಬ್ಯಾಡವ್ವ. ನಾನು ಮಾತು ಕೊಟ್ಟೀನಿ" ಎಂದರು ಡ್ರಮ್ಮಣ್ಣ. ಕೋಲುಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕುಳಿತೇಬಿಟ್ಟರು.

"ನೀ ಕೊಟ್ಟಿದ್ದೀಯ, ನಾನೇನು ಕೊಟ್ಟಿಲ್ಲ" ಎಂದ ಅವ್ವ, ಬಾಯಲ್ಲಿದ್ದ ಎಲೆಯನ್ನು ಕೆನ್ನೆಗೆ ಸರಿಸಿ, ಕುಳಿತಲ್ಲಿಂದಲೇ ಎತ್ತಿಕೊಂಡಳು. ಬಾರೆ ತಂಗಿ ಹೋಗಾಣ, ದಾರಿ ದೂರೇನಿಲ್ಲ. ಮೈಕಿಲ್ಲ, ವಾದ್ಯವಿಲ್ಲ. ಅವ್ವನ ದನಿ ಒರಟು, ಆದರೆ ಅಂಗಳ ದಾಟುವಂಥದ್ದು. ನನಗೆ ತಡೆಯಲಾಗಲಿಲ್ಲ, ಮೈಕಿನಲ್ಲಿ ದನಿ ಸೇರಿಸಿದೆ. ಬಷೀರನ ಗಿಟಾರು ತಾನಾಗಿಯೇ ಎಂಬಂತೆ 'ಚಕ್' ಎಂದಿತು. ಡ್ರಮ್ಮಣ್ಣ ಮಾತ್ರ ಕದಲಲಿಲ್ಲ. ಅವರ ಎಡಗಾಲನ್ನು ಅವರೇ ಎರಡೂ ಕೈಯಿಂದ ಅಮುಕಿ ಹಿಡಿದುಕೊಂಡಿದ್ದರು. ಕಣ್ಣು ರುದ್ರಣ್ಣನ ಮೇಲಿತ್ತು. ನಾವೆಲ್ಲರೂ ರುದ್ರಣ್ಣನನ್ನೇ ನೋಡುತ್ತಿದ್ದೆವು. ಆ ಮನುಷ್ಯ ನಮ್ಮನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ, ದೊಡ್ಡದಾಗಿ ಉಸಿರು ಬಿಟ್ಟು, ಕುರ್ಚಿಯನ್ನು ಪೂರ್ತಿ ಆ ಕಡೆ ತಿರುಗಿಸಿಕೊಂಡು ಕುಳಿತರು. "ನಾನೇನು ನೋಡಿಲ್ಲಪ್ಪ" ಎಂದರು.

ಕೋಲು ಹೊರಬಂತು. ಒಂದನ್ನು ಬಿಟ್ಟು, ಮೂರರ ಮೇಲೆ 'ಧಪ್'.

ಒಂದು ಸುತ್ತು ಆಯಿತು. ಕಂಬಕ್ಕೆ ಒರಗಿದ್ದ ಅಜ್ಜಿ ಕಂಬ ಹಿಡಿದುಕೊಂಡೇ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಇವರೂ ನಿಲ್ಲಿಸಲು ಬರುತ್ತಿದ್ದಾರೆ ಎಂದುಕೊಂಡೆವು. ಅಜ್ಜಿ ಹಂದರದ ನಡುವೆ ಬಂದು ನಿಂತು, ಬರಿಗಾಲನ್ನು ಎತ್ತಿ, ಇಟ್ಟರು. ಕಾಲು ಬಿದ್ದದ್ದು ಒಂದರ ಮೇಲೆ. ಮತ್ತೆ ಎತ್ತಿದರು, ಇಟ್ಟರು. ಹಿಂದೆಯೇ ಸೊಸೆಯಂದಿರು, ಮೊಮ್ಮಕ್ಕಳು, ಅಡುಗೆ ಮನೆಯಿಂದ ಬಂದವರು. ಸಾಲುಸಾಲು ಕಾಲು ಒಟ್ಟಿಗೆ ನೆಲಕ್ಕೆ ಬೀಳುವ ಮೆತ್ತನೆಯ, ದೊಡ್ಡ ಸದ್ದು. ಡ್ರಮ್ಮು ಸುಮ್ಮನಿರುವ ಆ ಒಂದು ಕ್ಷಣದಲ್ಲಿ ಆ ಸದ್ದು ಸ್ವಚ್ಛವಾಗಿ ಕೇಳುತ್ತಿತ್ತು. ಅಲ್ಲಿ ಡ್ರಮ್ಮಿನ ಪೆಟ್ಟು ಬಿದ್ದಿದ್ದರೆ ಕಾಲಿನ ಆ ಸದ್ದು ಯಾರಿಗೂ ಕೇಳುತ್ತಿರಲಿಲ್ಲ.

ಡ್ರಮ್ಮಣ್ಣ ಬಾಯಿ ತೆರೆದು ನೋಡುತ್ತಿದ್ದರು. ಕೈ ತನ್ನ ಪಾಡಿಗೆ ಬಾರಿಸುತ್ತಿತ್ತು. "ಲೇ ಬಷೀರಾ, ಕಾಲು ಕಣೋ! ಕಾಲಿಗೆ ಬಿಟ್ಟಿದ್ದು ಕಣೋ ಆ ಜಾಗ!" ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಮತ್ತೆ, "ಹೊಸದುರ್ಗದೋರೂ ಇದನ್ನೇ ಕೊಟ್ಟಿದ್ರು, ನಾನೇ ತಗಳ್ಲಿಲ್ಲ. ಎಂಥಾ ದಡ್ಡ ನಾನು!" ಎಂದು ನಗತೊಡಗಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆ ಕಡೆ ಮುಖ ಮಾಡಿ ಕುಳಿತಿದ್ದ ರುದ್ರಣ್ಣನ ಬೆನ್ನಿನಾಚೆಯಿಂದ ಅಕಾರ್ಡಿಯನ್ ಸಣ್ಣಗೆ ಸೇರಿಕೊಂಡಿತು.

ಗಂಡಿನ ಕಡೆಯ ಬಸ್ಸು ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಇಳಿದವರು ಎದುರುಗೊಳ್ಳುವವರಿಲ್ಲದೆ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತು, ಆಮೇಲೆ ತಾವೂ ಕಾಲು ಹಾಕಿದರು. ಬಾಸಿಂಗ ಕಟ್ಟಿದ್ದ ಮದುಮಗನೂ ಕುಣಿಯುತ್ತಲೇ ಹಂದರದೊಳಗೆ ಬಂದ. ಕೊನೆಗೆ ಮನೆಯ ಹಿರಿಯರೊಬ್ಬರು ಕೈ ಎತ್ತಿ, "ಮುಹೂರ್ತ ಮೀರ್ತೈತ್ರಪ್ಪೋ! ತಾಳಿ ಕಟ್ಟಾಣ, ನಿಲ್ಸ್ರಿ!" ಎಂದು ಕೂಗಿದರು.

ಡ್ರಮ್ಮಣ್ಣ ನನ್ನ ಕಡೆ ನೋಡಿದರು. ಇದೇ ಕೊನೆಯ ಸಾಲು, ಮುಗಿಸೋಣ ಎಂದು ಕಣ್ಣಲ್ಲೇ ಹೇಳಿದರು. ಅಷ್ಟು ದಿನದಿಂದ ಕಾದಿದ್ದ ಆ ಕೊನೆಯ ಪೆಟ್ಟಿಗೆ ಎರಡೂ ಕೋಲು ತಲೆಯ ಮೇಲಕ್ಕೆ ಎತ್ತಿದರು. ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದು, ಡ್ರಮ್ಮಿನ ಮೇಲೆ ತಮ್ಮ ಅಂಗೈ ಊರಿ ನಿಂತರು.

"ಮುಗಿಸ್ಬ್ಯಾಡ ನನ್ನಪ್ಪ. ತಾಳಿ ಕಟ್ಟಿದ ಮ್ಯಾಲೆ ಇಲ್ಲಿಂದ್ಲೇ ಹಿಡಿಯಾಣ."

ತಾಳಿ ಕಟ್ಟಿ, ಅಕ್ಕಿಕಾಳು ಹಾಕಿ ಮುಗಿಯುವವರೆಗೂ ಡ್ರಮ್ಮಣ್ಣ ಕೋಲು ಕೆಳಗಿಡದೆ ಹಾಗೇ ಕುಳಿತಿದ್ದರು.